ಹಿನ್ನೀರು ಇಳಿಯುವ ಕಾಲ: ಬೇಸಿಗೆಯ ಜಲಾಶಯಗಳಲ್ಲಿ ಹಕ್ಕಿ ನೋಡುವುದು

ಎಲ್ಲರಿಗೂ ನಮಸ್ಕಾರ.

ದಿನಪತ್ರಿಕೆಯ ಒಳಪುಟದಲ್ಲಿ ಒಂದು ಚಿಕ್ಕ ಚೌಕ ಬರುತ್ತದೆ, ನೀವೆಲ್ಲ ನೋಡಿರುತ್ತೀರಿ. ಜಲಾಶಯಗಳ ನೀರಿನ ಮಟ್ಟ. ಕೆಆರ್‌ಎಸ್ ಗರಿಷ್ಠ 124.80 ಅಡಿ, ಭದ್ರಾ 186 ಅಡಿ, ತುಂಗಭದ್ರಾ 1633 ಅಡಿ, ಲಿಂಗನಮಕ್ಕಿ 1819 ಅಡಿ, ಆಲಮಟ್ಟಿ 519.60 ಮೀಟರ್. ಪಕ್ಕದಲ್ಲೇ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಜುಲೈ, ಆಗಸ್ಟ್‌ನಲ್ಲಿ ಮನೆಮಂದಿಯೆಲ್ಲ ಇದನ್ನು ಓದುತ್ತಾರೆ. ಡ್ಯಾಂ ತುಂಬಿತಾ, ಗೇಟು ಎತ್ತಿದರಾ ಅಂತ ಕೇಳುತ್ತಾರೆ. ಬಾಗಿನ ಅರ್ಪಿಸಿ ಆದ ಮೇಲೆ ಓದುವವರು ಕಡಿಮೆಯಾಗುತ್ತಾರೆ. ಫೆಬ್ರುವರಿ ದಾಟಿದ ಮೇಲಂತೂ ನಾಲೆ ನೀರು ನಂಬಿಕೊಂಡ ರೈತರು ಬಿಟ್ಟರೆ ಬೇರೆ ಯಾರೂ ಆ ಕಡೆ ಕಣ್ಣು ಹಾಯಿಸುವುದಿಲ್ಲ. ಹಕ್ಕಿ ನೋಡುವವರಿಗೆ ಆ ಚೌಕ ಮುಖ್ಯವಾಗುವುದು ಸರಿಯಾಗಿ ಆಗಲೇ. ಇವತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ನಮ್ಮಲ್ಲಿ ಹಕ್ಕಿ ನೋಡಲು ಹೊರಡುವುದು ಡಿಸೆಂಬರ್, ಜನವರಿಯಲ್ಲಿ. ತಂಪು ಇರುತ್ತದೆ. ದೂರದಿಂದ ಬಂದ ಹಕ್ಕಿಗಳು ಒಂದು ಕಡೆ ನೆಲೆ ನಿಂತಿರುತ್ತವೆ. ಏಷ್ಯಾದ ನೀರುಹಕ್ಕಿ ಗಣತಿ ನಡೆಯುವುದೂ ಜನವರಿಯಲ್ಲೇ. ನಮ್ಮ ದೇಶದಲ್ಲಿ ಅದು ಶುರುವಾಗಿದ್ದು 1987ರಲ್ಲಿ. ಚಳಿಗಾಲದ ನಡುವೆ ಹಕ್ಕಿಗಳ ಓಡಾಟ ಕಡಿಮೆ, ಹಾಗಾಗಿ ಎಣಿಸಿದ್ದನ್ನೇ ಮತ್ತೆ ಎಣಿಸುವ ಭಯವೂ ಕಡಿಮೆ. ಗಣತಿಗೆ ಅದೇ ಸರಿಯಾದ ಕಾಲ, ಎರಡು ಮಾತಿಲ್ಲ. ಆದರೆ ಇದರಿಂದ ನಮಗೊಂದು ಅಭ್ಯಾಸ ಬಿದ್ದುಬಿಟ್ಟಿದೆ. ಶಿವರಾತ್ರಿ ಕಳೆದರೆ ದುರ್ಬೀನು ಬೀರುವಿನೊಳಗೆ. ಹಕ್ಕಿ ಬಂದದ್ದನ್ನು ನೋಡುತ್ತೇವೆ, ಇದ್ದದ್ದನ್ನು ನೋಡುತ್ತೇವೆ. ಅವು ಹೊರಡುವುದನ್ನು ನೋಡುವವರು ತೀರಾ ಕಮ್ಮಿ.

ಮೊದಲು ಜಾಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಪ್ರಸ್ಥಭೂಮಿ. ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿದಾಗ ಅದರ ನೀರು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಮೇಲಿರುತ್ತದೆ. ಕಬಿನಿಯದು ಹತ್ತಿರ ಹತ್ತಿರ 700 ಮೀಟರ್. ಇಷ್ಟು ಎತ್ತರದ ಒಣ ನಾಡಿನಲ್ಲಿ ದೊಡ್ಡ ಸಹಜ ಸರೋವರಗಳಿಲ್ಲ. ಇರುವುದು ನಮ್ಮ ಹಿರಿಯರು ಕಟ್ಟಿದ ಕೆರೆಗಳು, ಆಮೇಲೆ ಡ್ಯಾಂಗಳು. ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗ ಕೆಆರ್‌ಎಸ್ ಇತ್ತು, ಹಿರಿಯೂರಿನ ವಾಣಿ ವಿಲಾಸ ಸಾಗರ ಇತ್ತು. ಭದ್ರಾ, ಲಿಂಗನಮಕ್ಕಿ, ಕಬಿನಿ ಇರಲಿಲ್ಲ. ಸಂಸ್ಥಾನದ ಆಚೆ ತುಂಗಭದ್ರಾ, ಆಲಮಟ್ಟಿಯೂ ಇರಲಿಲ್ಲ. ಅಂದರೆ ಈ ಹಿನ್ನೀರುಗಳ ಹಕ್ಕಿಲೋಕ ಎರಡು ತಲೆಮಾರಿನಷ್ಟು ಹೊಸದು. ನಾವು ಕಟ್ಟಿದ್ದು ಬೆಳೆಗೆ, ಕರೆಂಟಿಗೆ. ಸಾವಿರಾರು ಮೈಲಿ ಹಾರುವ ಹಕ್ಕಿಗಳು ಅದನ್ನು ತಮ್ಮ ದಾರಿಗೆ ಸೇರಿಸಿಕೊಂಡವು. ಆರ್ಕ್‌ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹಾದುಹೋಗುವ ಆ ದಾರಿಗೆ ಮಧ್ಯ ಏಷ್ಯಾ ವಲಸೆ ಹಾದಿ ಅಂತ ಹೆಸರು.

ಎಲ್ಲ ಡ್ಯಾಂಗಳೂ ಹಕ್ಕಿಗೆ ಒಂದೇ ಅಲ್ಲ. ಲಿಂಗನಮಕ್ಕಿ, ಸೂಪಾ ಮಲೆನಾಡಿನ ಕಣಿವೆಯಲ್ಲಿವೆ. ಅಲ್ಲಿ ದಡ ಕಡಿದಾಗಿದೆ, ನೀರು ಆಳ. ಹತ್ತು ಅಡಿ ಇಳಿದರೂ ಹೊರಬೀಳುವುದು ಕೆಮ್ಮಣ್ಣಿನ ಕಿರಿದಾದ ಪಟ್ಟಿ ಅಷ್ಟೇ. ತುಂಗಭದ್ರಾ ಹಾಗಲ್ಲ. ಅದು ತುಂಬಿದಾಗ ನೀರು ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ, ಅಂಚಿನಲ್ಲೆಲ್ಲ ಸಪಾಟು ನೆಲ. ಅಲ್ಲಿ ಒಂದು ಅಡಿ ಇಳಿದರೆ ದಡ ಎಷ್ಟೋ ದೂರ ಹಿಂದಕ್ಕೆ ಸರಿಯುತ್ತದೆ. ಆಲಮಟ್ಟಿಯ ಹಿನ್ನೀರೂ ಅದೇ ಥರ. ಬಾಗಲಕೋಟೆ, ಬೀಳಗಿ ಕಡೆ ರಾಜಹಂಸಗಳು ಬಂದು ಇಳಿಯುವುದು ಆ ತೆಳ್ಳಗಿನ ನೀರಿಗೇ.

ತುಂಗಭದ್ರೆಯ ಹೂಳಿನ ಕತೆ ನಿಮಗೆ ಗೊತ್ತು. ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗವನ್ನು ಹೂಳು ತಿಂದಿದೆ. ರೈತರಿಗೆ ಇದು ದೊಡ್ಡ ನಷ್ಟ, ಅದನ್ನು ಹಗುರ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. ಆದರೆ ನೀರು ಇಳಿಯುವಾಗ ಅದೇ ಹೂಳು ಒಂದೊಂದೇ ಪಟ್ಟಿಯಾಗಿ ಹೊರಬೀಳುತ್ತದೆ. ಮೇಲೆ ಬೋಳು ಕೆಸರು, ಒಳಗೆ ಕೆಂಪು ಹುಳ, ನೀರುನೊಣದ ಮರಿಗಳು, ಸಣ್ಣ ಶಂಖದ ಹುಳ. ಹೊಸದಾಗಿ ಬಯಲಾದ ಒದ್ದೆ ಕೆಸರಿನಲ್ಲಿ ಇವು ಜಾಸ್ತಿ. ಎರಡು ದಿನ ಬಿಸಿಲು ಬಿದ್ದು ಮೇಲೆ ಹೆಪ್ಪುಗಟ್ಟಿದರೆ ಅಲ್ಲಿ ಏನೂ ಸಿಗುವುದಿಲ್ಲ. ಅಷ್ಟರಲ್ಲಿ ನೀರು ಇನ್ನೊಂದು ಮಾರು ಹಿಂದೆ ಹೋಗಿರುತ್ತದೆ, ಹಕ್ಕಿಗಳೂ ಅದರ ಬೆನ್ನಿಗೆ ಹೋಗಿರುತ್ತವೆ. ಫೆಬ್ರುವರಿಯಿಂದ ಮೇವರೆಗೆ ಹೀಗೆ ದಿನಾ ಹೊಸ ಕೆಸರು. ನಾಲೆಗೆ ನೀರು ಬಿಟ್ಟಷ್ಟೂ ದಿನ ಹಕ್ಕಿಗೆ ಊಟ ಉಂಟು.

ಆ ಅಂಚಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಹಬ್ಬದೂಟದ ಪಂಕ್ತಿಯ ಹಾಗೆ ಒಂದೊಂದು ಜಾತಿಯೂ ತನ್ನ ಸಾಲಿನಲ್ಲೇ ಇರುತ್ತದೆ. ಹೊಟ್ಟೆವರೆಗೆ ನೀರಿರುವ ಕಡೆ ಬ್ಲ್ಯಾಕ್ ಟೇಲ್ಡ್ ಗಾಡ್‌ವಿಟ್. ಉದ್ದ ಕಾಲು, ಅದಕ್ಕೆ ತಕ್ಕ ಉದ್ದ ಕೊಕ್ಕು. ತಲೆ ಮುಳುಗುವಷ್ಟು ಬಗ್ಗಿ ಕೊಕ್ಕನ್ನು ಪೂರಾ ಕೆಸರಿಗೆ ಇಳಿಸುತ್ತದೆ. ಅದರ ಕೊಕ್ಕಿನ ತುದಿಯಲ್ಲಿ ನರಗಳು ಹೇರಳ, ಕಣ್ಣಿಗೆ ಕಾಣದ ಹುಳವನ್ನು ಮುಟ್ಟಿಯೇ ಕಂಡುಹಿಡಿಯುತ್ತದೆ. ಕೆಸರೊಳಗೆ ಇಡೀ ಬಾಯಿ ತೆರೆಯಲು ಆಗುವುದಿಲ್ಲ ಅಲ್ವಾ? ಅದಕ್ಕೆ ಕೊಕ್ಕಿನ ತುದಿಯನ್ನಷ್ಟೇ ಚಿಮುಟದ ಥರ ತೆರೆದು ಹಿಡಿಯುತ್ತದೆ. ಇನ್ನೂ ಸ್ವಲ್ಪ ದಡದ ಕಡೆ, ಗಿಣ್ಣು ಮುಳುಗುವ ನೀರಿನಲ್ಲಿ ರಫ್, ವುಡ್ ಸ್ಯಾಂಡ್‌ಪೈಪರ್. ನೀರು ಮತ್ತು ಕೆಸರು ಸೇರುವ ಗೆರೆಯ ಮೇಲೆ ಲಿಟಲ್ ಸ್ಟಿಂಟ್. ಹೊಲಿಗೆ ಯಂತ್ರದ ಸೂಜಿಯಷ್ಟು ವೇಗದಲ್ಲಿ ಕುಕ್ಕುತ್ತಲೇ ಇರುತ್ತದೆ. ಅದರ ಹಿಂದೆ ಒದ್ದೆ ಕೆಸರಿನ ಮೇಲೆ ಪ್ಲವರ್‌ಗಳು. ಇವು ಕೊಕ್ಕನ್ನಲ್ಲ, ಕಣ್ಣನ್ನು ನಂಬುವ ಹಕ್ಕಿಗಳು. ಅದಕ್ಕೇ ಅವಕ್ಕೆ ಅಷ್ಟು ದೊಡ್ಡ ಕಣ್ಣು. ನಾಲ್ಕು ಹೆಜ್ಜೆ ಓಡುತ್ತವೆ, ಗಕ್ಕನೆ ನಿಲ್ಲುತ್ತವೆ, ಕುಕ್ಕುತ್ತವೆ, ಮತ್ತೆ ಓಡುತ್ತವೆ. ಹುಲ್ಲು ಚಿಗುರಿದ ಕಡೆ ಕುಂಡೆಕುಸ್ಕಗಳು, ಅದರಾಚೆ ಟಿಟ್ಟಿಭ. ಮೇಲೆ ಕವಲುತೋಕೆಗಳು. ಇಷ್ಟೂ ನೂರು ಹೆಜ್ಜೆಯ ಅಗಲದಲ್ಲಿ.

ಈಗ ಬಣ್ಣದ ವಿಷಯ. ಡಿಸೆಂಬರ್‌ನಲ್ಲಿ ಈ ಕೆಸರು ಹಕ್ಕಿಗಳನ್ನು ನೋಡಿ ಬೇಜಾರಾದವರು ನಿಮ್ಮಲ್ಲಿ ಇರಬಹುದು. ಎಲ್ಲವೂ ಬೂದು, ಎಲ್ಲವೂ ಕಂದು, ಯಾವುದು ಯಾವುದೋ ತಿಳಿಯುವುದೇ ಇಲ್ಲ. ಅವರಿಗೆ ನಾನು ಹೇಳುವುದು, ಏಪ್ರಿಲ್‌ನಲ್ಲಿ ಒಮ್ಮೆ ಬನ್ನಿ. ಹೊರಡುವ ಮೊದಲು ಈ ಹಕ್ಕಿಗಳು ಮೈಮೇಲಿನ ಪುಕ್ಕ ಬದಲಿಸುತ್ತವೆ. ರೆಕ್ಕೆಯ ದೊಡ್ಡ ಗರಿಗಳನ್ನು ಮುಟ್ಟುವುದಿಲ್ಲ, ಅವು ಹಾರಲು ಬೇಕು. ಎದೆ, ಬೆನ್ನು, ಕುತ್ತಿಗೆ ಮಾತ್ರ ಹೊಸದಾಗುತ್ತದೆ. ಗಾಡ್‌ವಿಟ್‌ನ ಕುತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಸಿಕ್ಕರಂತೂ ಮುಖದಿಂದ ಹೊಟ್ಟೆಯವರೆಗೆ ಕೆಂಪು. ಪೆಸಿಫಿಕ್ ಗೋಲ್ಡನ್ ಪ್ಲವರ್‌ಗೆ ಬೆನ್ನ ಮೇಲೆ ಚಿನ್ನದ ಚುಕ್ಕೆ, ಹೊಟ್ಟೆಗೆ ಕಪ್ಪು. ಸಿಟ್ರಿನ್ ವ್ಯಾಗ್‌ಟೇಲ್ ಗಂಡಿನ ತಲೆ ನಿಂಬೆಹಣ್ಣಿನ ಹಳದಿ. ವಿಸ್ಕರ್ಡ್ ಟರ್ನ್ ಚಳಿಗಾಲವಿಡೀ ಬಿಳಿಚಿಕೊಂಡಿರುತ್ತದೆ. ಏಪ್ರಿಲ್ ಬಂತೆಂದರೆ ಅದಕ್ಕೆ ಕಪ್ಪು ಟೋಪಿ, ಕಡುಬೂದು ಹೊಟ್ಟೆ, ನಡುವೆ ಬಿಳಿ ಕೆನ್ನೆ. ಒಂದೇ ಗುಂಪಿನಲ್ಲಿ ಅರ್ಧ ಬದಲಾದವು, ಪೂರ್ತಿ ಬದಲಾದವು, ಇನ್ನೂ ಶುರುವೇ ಮಾಡದವು ಎಲ್ಲ ಸಿಗುತ್ತವೆ. ನನಗೆ ಇಡೀ ವರ್ಷದಲ್ಲಿ ಇದಕ್ಕಿಂತ ಚೆಂದದ ನೋಟ ಇಲ್ಲ.

ಬಣ್ಣದ ಜೊತೆಗೆ ಇನ್ನೊಂದು ಬದಲಾವಣೆ ನಡೆದಿರುತ್ತದೆ. ಅದು ಒಳಗಿನದು. ಹಗಲು ಉದ್ದವಾಗುತ್ತಾ ಬಂದ ಹಾಗೆ ಹಕ್ಕಿಯ ಮೈಯಲ್ಲಿ ಹಾರ್ಮೋನು ಬದಲಾಗುತ್ತದೆ, ಹಸಿವು ವಿಪರೀತ ಹೆಚ್ಚುತ್ತದೆ. ಲಿಟಲ್ ಸ್ಟಿಂಟ್ ಅಂದೆನಲ್ಲ, ಅದರ ತೂಕ 25 ಗ್ರಾಂ ಆಸುಪಾಸು. ಅದು ಮರಿ ಮಾಡುವುದು ಆರ್ಕ್‌ಟಿಕ್ ಸಾಗರದ ಅಂಚಿನ ಟುಂಡ್ರಾದಲ್ಲಿ. ಅಲ್ಲಿಗೆ ಹೋಗಲು ಬೇಕಾದ ಇಂಧನ ಅಂದರೆ ಕೊಬ್ಬು. ಆ ಕೊಬ್ಬಿನ ಒಂದು ಪಾಲು ನಮ್ಮ ಹೂಳಿನಿಂದಲೇ ಬರಬೇಕು. ಹೊರಡುವ ಹೊತ್ತಿಗೆ ಕೆಲವು ಕೆಸರು ಹಕ್ಕಿಗಳ ತೂಕ ಒಂದೂವರೆ ಪಟ್ಟು ಆಗಿರುತ್ತದೆ. ದುರ್ಬೀನಿನಲ್ಲೇ ಗೊತ್ತಾಗುತ್ತದೆ, ಹೊಟ್ಟೆಯ ಹಿಂಭಾಗ ಗುಂಡಗೆ ಕೆಳಗೆ ಇಳಿದಿರುತ್ತದೆ. ಈ ಹಂತದಲ್ಲಿ ನಾವು ಅದನ್ನು ಓಡಿಸಿದರೆ, ನಾಯಿ ಅಟ್ಟಿದರೆ, ಒಂದೊಂದು ಸಲ ಎದ್ದು ಹಾರಿದಾಗಲೂ ಆ ಕೂಡಿಟ್ಟದ್ದು ಕರಗುತ್ತದೆ. ಜನವರಿಯಲ್ಲಿ ಓಡಿಸುವುದಕ್ಕೂ ಏಪ್ರಿಲ್‌ನಲ್ಲಿ ಓಡಿಸುವುದಕ್ಕೂ ವ್ಯತ್ಯಾಸ ಇದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೊರಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಹೋಗುವವು ಹೆಬ್ಬಾತುಗಳು, ಸೂಜಿಬಾಲದ ಬಾತುಗಳು. ಫೆಬ್ರುವರಿ ಕೊನೆ, ಮಾರ್ಚ್. ಕೆಸರು ಹಕ್ಕಿಗಳು ಏಪ್ರಿಲ್‌ನಿಂದ ಮೇ ಮೊದಲ ಪಕ್ಷದವರೆಗೆ. ಆರ್ಕ್‌ಟಿಕ್‌ನಲ್ಲಿ ಹಿಮ ಕರಗುವುದು ಜೂನ್ ಹೊತ್ತಿಗೆ. ಬೇಗ ಹೋದರೆ ನೆಲವೇ ಕಾಣುವುದಿಲ್ಲ. ತಡವಾದರೆ ಅಲ್ಲಿನ ಹುಳಹುಪ್ಪಟೆಯ ಸುಗ್ಗಿ ಕೆಲವೇ ವಾರ, ಮರಿಗಳಿಗೆ ಊಟ ತಪ್ಪುತ್ತದೆ. ಹಾಗಾಗಿ ನಮ್ಮಲ್ಲಿ ಉಗಾದಿ ಮುಗಿದು ಎಲ್ಲರೂ ನೆರಳು ಹುಡುಕುವ ಹೊತ್ತಿನಲ್ಲಿ ಅವು ಬಿಸಿಲಲ್ಲಿ ನಿಂತು ತಿನ್ನುತ್ತಿರುತ್ತವೆ. ಇನ್ನೊಂದು ಮಾತು. ಶ್ರೀಲಂಕಾದಲ್ಲಿ, ತಮಿಳುನಾಡಿನ ಕರಾವಳಿಯಲ್ಲಿ ಚಳಿಗಾಲ ಕಳೆದವೂ ಉತ್ತರಕ್ಕೆ ಹೋಗುತ್ತಾ ನಮ್ಮ ಹಿನ್ನೀರಿನಲ್ಲಿ ಇಳಿಯಬಹುದು. ಆದ್ದರಿಂದ ಇವತ್ತು ಐವತ್ತು ಕಂಡವು, ನಾಳೆಯೂ ಐವತ್ತು ಕಂಡವು ಅಂದರೆ ಅವೇ ಐವತ್ತು ಅಂದುಕೊಳ್ಳಬೇಡಿ. ಬಂದು ಹೋಗುವ ಕಾಲದಲ್ಲಿ ಎಣಿಕೆ ಕಷ್ಟವಾಗುವುದು ಇಲ್ಲೇ. ಏಪ್ರಿಲ್‌ನಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಬರೆದಿಟ್ಟ ಪಟ್ಟಿಗೆ ಅದಕ್ಕೇ ಬೆಲೆ ಜಾಸ್ತಿ.

ಹೆಬ್ಬಾತಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಪಟ್ಟೆತಲೆ ಹೆಬ್ಬಾತು, ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಂದಲೇ ಹೆಸರಾಯಿತು. 2024ರಲ್ಲಿ ಅದು ರಾಮ್ಸಾರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೂ ಆಯಿತು. ಅದರ ಜೊತೆಗೇ ತುಂಗಭದ್ರಾ ಹಿನ್ನೀರಿಗೆ ಹತ್ತಿರದ ಅಂಕಸಮುದ್ರಕ್ಕೂ ಆ ಪಟ್ಟ ಸಿಕ್ಕಿತು. ಈ ಹೆಬ್ಬಾತು ಹಗಲು ಕೆರೆಯಲ್ಲಿ ತೇಲುತ್ತಾ ಇರುತ್ತದೆ, ಕತ್ತಲಾದ ಮೇಲೆ ಸುತ್ತಲಿನ ಕಡಲೆ, ಶೇಂಗಾ ಹೊಲಕ್ಕೆ ಹೋಗುತ್ತದೆ. ಮಂಗೋಲಿಯಾದಲ್ಲಿ ಗುರುತಿಗೆ ಅಂತ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟವು ನಮ್ಮ ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಅಂದರೆ ಮಾರ್ಚ್‌ನಲ್ಲಿ ಇಲ್ಲಿಂದ ಎದ್ದದ್ದು ಹಿಮಾಲಯ ದಾಟಬೇಕು, ಟಿಬೆಟ್ ದಾಟಬೇಕು.

ಅದು ಹೇಗೆ ದಾಟುತ್ತದೆ ಅನ್ನುವುದನ್ನು ವಿಜ್ಞಾನಿಗಳು ಬೆನ್ನಿಗೆ ಯಂತ್ರ ಕಟ್ಟಿ ತಿಳಿದುಕೊಂಡಿದ್ದಾರೆ. ದಾಖಲಾದ ಅತಿ ಹೆಚ್ಚಿನ ಎತ್ತರ 7290 ಮೀಟರ್. ಆದರೆ ಬಹುಪಾಲು ಹಕ್ಕಿಗಳು ಅಷ್ಟು ಮೇಲೆ ಹೋಗುವುದೇ ಇಲ್ಲ. ಕಣಿವೆ ಇಳಿದಾಗ ತಾವೂ ಇಳಿಯುತ್ತವೆ, ಬೆಟ್ಟ ಏರಿದಾಗ ಏರುತ್ತವೆ. ಏರಿದ್ದನ್ನು ಇಳಿದು ಕಳೆದುಕೊಳ್ಳುವುದು ದಂಡ ಅನ್ನಿಸಬಹುದು. ಲೆಕ್ಕ ಬೇರೆ ಹೇಳುತ್ತದೆ. ಮೇಲಿನ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯುವ ಖರ್ಚು ಎಷ್ಟು ಜಾಸ್ತಿ ಅಂದರೆ, ಇಳಿದು ಮತ್ತೆ ಏರುವುದೇ ಅಗ್ಗ. ಹಿಂದಿನಿಂದ ಗಾಳಿ ತಳ್ಳಲಿ ಅಂತ ಹಗಲು ಕಾಯುವುದೂ ಇಲ್ಲ. ರಾತ್ರಿ, ಬೆಳಗಿನ ಜಾವ ಗಾಳಿ ತಣ್ಣಗೆ ದಟ್ಟವಾಗಿದ್ದಾಗ ಏರುತ್ತವೆ. ಬಯಲಿನಿಂದ ಹಿಮಾಲಯದ ನೆತ್ತಿಗೆ ಏಳೆಂಟು ಗಂಟೆಯಲ್ಲಿ, ತಮ್ಮ ಸ್ವಂತ ರೆಕ್ಕೆಬಲದಲ್ಲಿ. ಅವುಗಳ ರಕ್ತ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಬೇಗ ಹಿಡಿದುಕೊಳ್ಳುತ್ತದೆ. ಇದೆಲ್ಲ ತಿಳಿದ ಮೇಲೆ ಮಾರ್ಚ್ ಮೊದಲ ವಾರದ ಹೆಬ್ಬಾತಿನ ಗುಂಪನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಈಗ ಭದ್ರಾ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ಎಲ್ಲರೂ ಹೊರಡುವಾಗ ಇಲ್ಲಿಗೆ ಬರುವ ಹಕ್ಕಿ ಒಂದಿದೆ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಅಣೆಕಟ್ಟು. ಹಿನ್ನೀರು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡಿನೊಳಗೆ ಚಾಚಿಕೊಂಡಿದೆ. ಮುಳುಗಿದ ಗುಡ್ಡಗಳ ನೆತ್ತಿಗಳು ಫೆಬ್ರುವರಿ, ಮಾರ್ಚ್‌ನಲ್ಲಿ ನಡುಗಡ್ಡೆಗಳಾಗಿ ಮೇಲೆ ಬರುತ್ತವೆ. ಕಲ್ಲು, ಜಲ್ಲಿ, ಕೆಂಪು ಮಣ್ಣು, ಒಂದು ಮರವೂ ಇಲ್ಲ. ಆಗ ನದಿ ರೀವಗಳು ಬರುತ್ತವೆ. ಎಲ್ಲರ ಬಾಯಲ್ಲಿ ರಿವರ್ ಟರ್ನ್. ಬೂದು ರೆಕ್ಕೆ, ಕಪ್ಪು ಟೋಪಿ, ಹಳದಿ ಕೊಕ್ಕು, ಕವಲು ಬಾಲ. ಇವು ದೂರದ ವಲಸೆಗಾರರಲ್ಲ. ನಮ್ಮ ಹೊಳೆ, ಕೆರೆಗಳಲ್ಲೇ ಅಲೆದಾಡಿಕೊಂಡಿದ್ದು ಮರಿ ಮಾಡಲು ಇಲ್ಲಿ ಸೇರುತ್ತವೆ, ಸಾವಿರಗಟ್ಟಲೆ.

ಮೊದಲ ವಾರಗಳಲ್ಲಿ ನೋಡಬೇಕಾದ್ದು ಮೀನು ಕೊಡುವ ಶಾಸ್ತ್ರ. ಗಂಡು ಒಂದು ಬೆಳ್ಳನೆ ಮೀನನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು ಬರುತ್ತದೆ. ಹೆಣ್ಣಿನ ಮುಂದೆ ಇಳಿದು ಕತ್ತು ನೀಳ ಮಾಡಿ, ರೆಕ್ಕೆ ಸ್ವಲ್ಪ ಇಳಿಬಿಟ್ಟು ಸುತ್ತ ನಡೆಯುತ್ತದೆ. ಹೆಣ್ಣು ಕೂಗುತ್ತಾ ಬಾಯಿ ಒಡ್ಡುತ್ತದೆ. ಕೊಟ್ಟ ಮೀನು ನುಂಗಿದರೆ ಸರಿ. ಕೆಲವೊಮ್ಮೆ ಗಂಡು ಕೊಡುವ ಹಾಗೆ ಮಾಡಿ ಮತ್ತೆ ಎತ್ತಿಕೊಂಡು ಹೋಗುವುದೂ ಉಂಟು. ಈ ವಿನಿಮಯದಲ್ಲಿ ಹೆಣ್ಣಿಗೆ ಮೊಟ್ಟೆಗೆ ಬೇಕಾದ ಪೋಷಣೆ ಸಿಗುತ್ತದೆ, ಮೀನು ಹಿಡಿಯುವುದರಲ್ಲಿ ಗಂಡು ಎಷ್ಟು ಗಟ್ಟಿಗ ಅನ್ನುವುದೂ ತಿಳಿಯುತ್ತದೆ.

ಗೂಡು ಅಂತ ಏನೂ ಇಲ್ಲ. ಜಲ್ಲಿಯ ಮೇಲೆ ಎದೆಯಿಂದ ಒತ್ತಿ ಮಾಡಿದ ಒಂದು ತಗ್ಗು. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಕಂದು ಮಚ್ಚೆಯವು. ಕಲ್ಲಿನ ನಡುವೆ ಇಟ್ಟರೆ ಕಲ್ಲೇ. ಏಪ್ರಿಲ್ ಮಧ್ಯಾಹ್ನ ಆ ಜಲ್ಲಿಯ ಮೇಲೆ ಬರಿಗಾಲು ಇಡಲಾಗದು. ಅಲ್ಲಿ ಕಾವು ಕೊಡುವುದು ಅಂದರೆ ಬಿಸಿ ಕೊಡುವುದಲ್ಲ, ಬಿಸಿಲಿನಿಂದ ಕಾಪಾಡುವುದು. ತಾಯಿ ಅಥವಾ ತಂದೆ ಮೊಟ್ಟೆಯ ಮೇಲೆ ನೆರಳಾಗಿ ನಿಲ್ಲುತ್ತದೆ. ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಇಷ್ಟು ಹೇಳಿದ ಮೇಲೆ ದೋಣಿ ಹತ್ತಿರ ಹೋದರೆ ಏನಾಗುತ್ತದೆ ಅಂತ ಬೇರೆ ವಿವರಿಸಬೇಕಿಲ್ಲ. ಆದರೂ ಒಂದನ್ನು ಹೇಳುತ್ತೇನೆ, ಕಣ್ಣಾರೆ ಕಂಡದ್ದು. ಫೋಟೊಗೆ ಅಂತ ಒಂದು ದೋಣಿಯನ್ನು ನಡುಗಡ್ಡೆಗೆ ತೀರಾ ಹತ್ತಿರ ಒಯ್ದರು. ಇಡೀ ಗುಂಪು ಒಮ್ಮೆಲೇ ಎದ್ದಿತು. ತಲೆಯ ಮೇಲೆ ಕಿರುಚಾಟ, ಕೆಳಗೆ ನೆರಳಿಲ್ಲದ ಮೊಟ್ಟೆಗಳು. ಕಾಗೆಯೊಂದು ಬಂದು ಒಂದು ಮೊಟ್ಟೆಯನ್ನು ಎತ್ತಿಕೊಂಡೇ ಹೋಯಿತು. ದೋಣಿಯಲ್ಲಿದ್ದವರ ಕ್ಯಾಮೆರಾ ಆಕಾಶದ ಕಡೆ ಇತ್ತು, ಅವರಿಗೆ ಅದು ಕಾಣಲೇ ಇಲ್ಲ.

ಇನ್ನು ನೀರಿನ ಮಟ್ಟ. ರೀವಕ್ಕೆ ನೀರು ಇಳಿಯಬೇಕು, ಆದರೆ ಹದವಾಗಿ ಇಳಿಯಬೇಕು. ಏಪ್ರಿಲ್ ಕೊನೆಯಲ್ಲಿ ಮೇಲಿನ ಮಲೆನಾಡಿನಲ್ಲಿ ಜೋರು ಮಳೆ ಬಿದ್ದು ಒಳಹರಿವು ಹೆಚ್ಚಿದರೆ ಅಂಚಿನ ಮೊಟ್ಟೆಗಳು ಮುಳುಗುತ್ತವೆ. ತೀರಾ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಳ್ಳುತ್ತದೆ, ನಾಯಿ, ನರಿ, ಕಾಡುಹಂದಿ ಎಲ್ಲವೂ ನಡೆದೇ ಬರಬಹುದು. ಉತ್ತರ ಭಾರತದ ದೊಡ್ಡ ನದಿಗಳಲ್ಲಿ ಮರಳುದಿಬ್ಬಗಳು ಹಾಳಾಗಿ ಈ ಹಕ್ಕಿ ಕಡಿಮೆಯಾಗಿದೆ, ಜಾಗತಿಕವಾಗಿ ಅಪಾಯಕ್ಕೆ ಸಿಲುಕಿದ ಹಕ್ಕಿಗಳ ಸಾಲಿಗೆ ಸೇರಿದೆ. ಅಂಥದ್ದು ಮನುಷ್ಯ ಕಟ್ಟಿದ ಒಂದು ಜಲಾಶಯದಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಮರಿ ಮಾಡುತ್ತಿದೆ. ನೀರು ಮೊದಲು ಬೆಳೆಗೆ, ಕುಡಿಯಲು. ಇದನ್ನು ನಾನು ಒಪ್ಪುತ್ತೇನೆ. ಆದರೆ ನಾಲೆಗೆ ನೀರು ಬಿಡುವ ಸರದಿ ಗೊತ್ತು ಮಾಡುವ ಮೇಜಿನ ಮೇಲೆ ಮಾರ್ಚ್‌ನಿಂದ ಮೇವರೆಗೆ ಈ ಹಕ್ಕಿಯ ಮಾತೂ ಒಂದು ಸಾಲು ಬರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ತ್ಯಾಗ ಏನೂ ಬೇಕಿಲ್ಲ. ಮೊಟ್ಟೆಯಿಂದ ಮರಿ ಬರಲು ಸುಮಾರು ಮೂರು ವಾರ. ಮಳೆಗಾಲಕ್ಕೆ ಮುಂಚೆ ಮರಿಗಳು ಹಾರಿಹೋಗುತ್ತವೆ. ಅಷ್ಟು ದಿನ ನಡುಗಡ್ಡೆಗೆ ದೋಣಿ ಕಟ್ಟಬಾರದು, ಬಲೆ ಒಣಗಿಸಬಾರದು, ಇಳಿಯಬಾರದು. ಅಷ್ಟೇ.

ಹೋಗುವವರಿಗೆ ನಾಲ್ಕು ಮಾತು. ಏಪ್ರಿಲ್‌ನಲ್ಲಿ ಬಳ್ಳಾರಿ, ಕೊಪ್ಪಳ ಸೀಮೆಯ ಬಿಸಿಲು ಆಟವಲ್ಲ. ಸೂರ್ಯ ಹುಟ್ಟುವ ಮುಂಚೆ ದಡದಲ್ಲಿರಿ. ಒಂಬತ್ತು ಗಂಟೆಯ ಮೇಲೆ ಕೆಸರಿನಿಂದ ಝಳ ಏಳುತ್ತದೆ. ಆಮೇಲೆ ಎಷ್ಟು ಒಳ್ಳೆಯ ದೂರದರ್ಶಕ ಇದ್ದರೂ ಹಕ್ಕಿ ಅಲೆಅಲೆಯಾಗಿ ಕಾಣುತ್ತದೆ, ಕಣ್ಣು ನೋಯುವುದೊಂದೇ ಲಾಭ. ಬೆಳಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ ಆರಿಸಿಕೊಳ್ಳಿ, ಬೆಳಕು ಬೆನ್ನಿಗಿರುತ್ತದೆ. ಕೆಸರಿಗೆ ಮಾತ್ರ ಇಳಿಯಬೇಡಿ. ಮೇಲೆ ಬಿರುಕು ಬಿಟ್ಟು ಒಣಗಿದ ಹಾಗೆ ಕಾಣುತ್ತದೆ, ಕೆಳಗೆ ಹುದುಲು. ಮೊಣಕಾಲವರೆಗೆ ಹೂತರೆ ಒಬ್ಬರೇ ಎದ್ದು ಬರುವುದು ಕಷ್ಟ. ಹೊಸ ಜಾಗವಾದರೆ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ. ಯಾವ ಕಡೆ ನೆಲ ಗಟ್ಟಿ, ಯಾವ ಕಡೆ ಹಕ್ಕಿ ಕೂರುತ್ತದೆ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಸಂಜೆಯೂ ಇರಿ. ಹೊರಡುವ ಗುಂಪು ಸಂಜೆಯೇ ತಿಳಿದುಹೋಗುತ್ತದೆ. ತಿನ್ನುವುದು ನಿಲ್ಲಿಸುತ್ತವೆ, ಮೀಯುತ್ತವೆ, ಗರಿ ತೀಡಿಕೊಳ್ಳುತ್ತವೆ. ಕೂಗು ಹೆಚ್ಚುತ್ತದೆ. ನಾಲ್ಕಾರು ಹಕ್ಕಿ ಎದ್ದು ಒಂದು ಸುತ್ತು ಹೊಡೆದು ಮತ್ತೆ ಇಳಿಯುತ್ತವೆ. ಕೊನೆಗೆ ಒಂದು ಗುಂಪು ಎದ್ದದ್ದು ಇಳಿಯುವುದಿಲ್ಲ. ಸುತ್ತುತ್ತಾ ಮೇಲೇರಿ, ಓರೆ ಸಾಲಾಗಿ, ಉತ್ತರಕ್ಕೆ ತಿರುಗುತ್ತದೆ. ಗುಂಪು ಎಷ್ಟಿತ್ತು, ಎಷ್ಟು ಹೊತ್ತಿಗೆ ಎದ್ದಿತು, ಗಾಳಿ ಯಾವ ಕಡೆಯಿತ್ತು, ಬರೆದಿಟ್ಟುಕೊಳ್ಳಿ. ಹಕ್ಕಿ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿ. ನಮ್ಮ ಜಲಾಶಯಗಳ ಜನವರಿ ಪಟ್ಟಿಗೆ ಏಪ್ರಿಲ್ ಪಟ್ಟಿಯೂ ಜೊತೆಯಾಗಲಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಮೂರನ್ನು ಇಲ್ಲಿ ಬರೆದಿದ್ದೇನೆ.

ಹೊಸಪೇಟೆ ಕಡೆಯ ಒಬ್ಬ ಹಿರಿಯರು ಕೇಳಿದ್ದು: “ಹಕ್ಕಿ ಜಾಸ್ತಿ ಆದರೆ ನಮ್ಮ ಮೀನು ಕಡಿಮೆ ಆಗಲ್ವಾ, ಸಾರ್?”

ಕೆಸರು ಹಕ್ಕಿಗಳು ಮೀನಿನ ತಂಟೆಗೇ ಬರುವುದಿಲ್ಲ, ಅವು ಹುಳ ತಿನ್ನುತ್ತವೆ. ರೀವ ಮೀನು ತಿನ್ನುತ್ತದೆ, ನಿಜ. ಆದರೆ ನೀರಿನ ಮೇಲ್ಪದರದ ಬೆರಳುದ್ದದ ಮೀನು ಅದು. ಹೆಜ್ಜಾರ್ಲೆ, ನೀರುಕಾಗೆಗಳ ವಿಷಯದಲ್ಲಿ ನಿಮ್ಮ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಮನವಿ ನಿಮ್ಮಲ್ಲಿದೆ. ಹರಿದ ನೈಲಾನ್ ಬಲೆಯನ್ನು ದಡದಲ್ಲಿ ಬಿಡಬೇಡಿ ಅಣ್ಣಾ. ನೀರು ಇಳಿದಾಗ ಅದು ಕೆಸರಿನ ಮೇಲೆ ಹರಡಿಕೊಳ್ಳುತ್ತದೆ, ಓಡಾಡುವ ಹಕ್ಕಿಯ ಕಾಲು ಸಿಕ್ಕಿಕೊಂಡರೆ ಬಿಡುವುದೇ ಇಲ್ಲ.

ಕಾಲೇಜು ಹುಡುಗಿಯೊಬ್ಬಳು ಕೇಳಿದ್ದು: ಪಟ್ಟಿ ಹಾಕಿದ ಹಕ್ಕಿ ಕಂಡರೆ ಏನು ಮಾಡಬೇಕು?

ಹಿಡಿಯಲು ಹೋಗಬಾರದಮ್ಮ. ಪಟ್ಟಿ ಕುತ್ತಿಗೆಗಿದೆಯೋ ಕಾಲಿಗಿದೆಯೋ, ಎಡಗಾಲೋ ಬಲಗಾಲೋ, ಬಣ್ಣ ಯಾವುದು, ಅಕ್ಷರ, ಅಂಕಿ ಏನು, ಇಷ್ಟು ನೋಡು. ಮಸುಕಾಗಿದ್ದರೂ ಸರಿ, ಒಂದು ಫೋಟೊ ತೆಗೆ. ದಿನ, ಹೊತ್ತು, ಜಾಗ ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸು. ಸತ್ತ ಹಕ್ಕಿಯ ಕಾಲಲ್ಲಿ ಲೋಹದ ಬಳೆ ಸಿಕ್ಕರೂ ಅದರ ಸಂಖ್ಯೆ ಮುಖ್ಯ, ಎಸೆಯಬೇಡ.

ಕೊನೆಯದು: ಮೇ ಮುಗಿದರೆ ಎಲ್ಲವೂ ಹೋಗಿಬಿಡುತ್ತವಾ?

ಎಲ್ಲವೂ ಅಲ್ಲ. ಹಿಂದಿನ ವರ್ಷ ಹುಟ್ಟಿದ ಎಷ್ಟೋ ಕೆಸರು ಹಕ್ಕಿಗಳಿಗೆ ಇನ್ನೂ ಮರಿ ಮಾಡುವ ವಯಸ್ಸಾಗಿರುವುದಿಲ್ಲ. ಅಷ್ಟು ದೂರ ಹೋಗಿ ಅವಕ್ಕೆ ಆಗಬೇಕಾದ್ದೇನೂ ಇಲ್ಲ. ಹಾಗಾಗಿ ಬಣ್ಣವನ್ನೂ ಬದಲಿಸದೆ ಇಲ್ಲೇ ಉಳಿಯುತ್ತವೆ. ಜೂನ್‌ನಲ್ಲಿ ಬೂದು ಬಣ್ಣದ ಗಾಡ್‌ವಿಟ್ ಕಂಡರೆ ಅದಕ್ಕೆ ಕಾಯಿಲೆ ಅಂದುಕೊಳ್ಳಬೇಡಿ. ಅದು ಇನ್ನೂ ಎಳೆಯದು, ಅಷ್ಟೇ. ಹೋದವುಗಳ ಪೈಕಿ ಮೊದಲ ವಯಸ್ಕ ಹಕ್ಕಿಗಳು ಜುಲೈ ಕೊನೆ, ಆಗಸ್ಟ್ ಹೊತ್ತಿಗೇ ಮರಳತೊಡಗುತ್ತವೆ. ಆಗ ಡ್ಯಾಂ ತುಂಬುತ್ತಿರುತ್ತದೆ, ಕೆಸರೆಲ್ಲ ನೀರಿನಡಿಗೆ ಹೋಗಿರುತ್ತದೆ. ಅವನ್ನು ಹುಡುಕಬೇಕಾದ್ದು ನಾಟಿಗೆ ಹದ ಮಾಡಿದ ಗದ್ದೆಗಳಲ್ಲಿ, ಇನ್ನೂ ತುಂಬದ ಊರ ಕೆರೆಯ ಅಂಗಳದಲ್ಲಿ.